‘ಸಾವಯವ’ ಎಂದು ಬರೆದಿದ್ದರೆ ಸಾಕೇ?

ಪ್ರಶ್ನೆ: ರಾಮನಗರದ ಹೆದ್ದಾರಿ ಬದಿಯಲ್ಲಿ ‘ಸಾವಯವ ಬಾದಾಮಿ’ ಮಾವು, ಅಂಗಡಿಯಲ್ಲಿ ‘ನ್ಯಾಚುರಲ್’ ರಾಗಿ ಹಿಟ್ಟು. ಎರಡಕ್ಕೂ ಬೆಲೆ ಜಾಸ್ತಿ. ನಂಬಿ ಕೊಳ್ಳಬಹುದೇ?
– ಗೃಹಿಣಿ, ಚನ್ನಪಟ್ಟಣ

ಉತ್ತರ: ಮೊದಲು ಹಿಟ್ಟಿನ ಪೊಟ್ಟಣ ತಿರುಗಿಸಿ ನೋಡಿ. ‘ನ್ಯಾಚುರಲ್’ ಎಂದರೆ ಸಾವಯವ ಎಂದಲ್ಲ. 2017ರ ನಿಯಮದಂತೆ ಸಾವಯವ ಎಂದು ಮಾರುವ ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ ಸಂಖ್ಯೆ, ‘ಜೈವಿಕ್ ಭಾರತ್’ ಚಿಹ್ನೆ, ಜೊತೆಗೆ ಎನ್‌ಪಿಒಪಿ ಅಥವಾ ಪಿಜಿಎಸ್ ದೃಢೀಕರಣ ಇರಬೇಕು. ಎನ್‌ಪಿಒಪಿಯಲ್ಲಿ ಮಾನ್ಯತೆ ಪಡೆದ ಸಂಸ್ಥೆ ತಪಾಸಣೆ ಮಾಡುತ್ತದೆ. ಪಿಜಿಎಸ್‌ನಲ್ಲಿ ಗುಂಪಿನ ರೈತರೇ ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ‘ಪಿಜಿಎಸ್ ಗ್ರೀನ್’ ಎಂದಿದ್ದರೆ ಜಮೀನು ಇನ್ನೂ ಪರಿವರ್ತನೆಯ ಹಂತದಲ್ಲಿದೆ ಎಂದರ್ಥ.

ಮಾವಿನ ವಿಷಯ ಬೇರೆ. ವರ್ಷಕ್ಕೆ 12 ಲಕ್ಷ ರೂಪಾಯಿ ಮೀರದ ವಹಿವಾಟಿನ ಸಣ್ಣ ರೈತರು ಗ್ರಾಹಕರಿಗೆ ನೇರವಾಗಿ ಮಾರುವಾಗ ದೃಢೀಕರಣದಿಂದ ವಿನಾಯಿತಿ ಇದೆ. ಆದರೆ ಅವರು ಜೈವಿಕ್ ಭಾರತ್ ಚಿಹ್ನೆ ಬಳಸುವಂತಿಲ್ಲ. ಹಾಗಾಗಿ ಚಿಹ್ನೆ ಇಲ್ಲವೆಂದ ಮಾತ್ರಕ್ಕೆ ಮಾಗಡಿಯ ರಾಗಿಯೋ ಕನಕಪುರದ ಮಾವೋ ಸುಳ್ಳಲ್ಲ. ಮಾರುವವರು ಬೆಳೆದವರೇ, ತೋಟ ಎಲ್ಲಿ, ಹೂ ಬಿಟ್ಟಾಗ ಏನು ಸಿಂಪಡಿಸಿದರು, ಹೇಗೆ ಹಣ್ಣು ಮಾಡಿದರು ಎಂದು ಕೇಳಿ. ಕ್ಯಾಲ್ಸಿಯಂ ಕಾರ್ಬೈಡ್ ಬಳಕೆ ಎಲ್ಲ ಹಣ್ಣಿಗೂ ನಿಷಿದ್ಧ. ಮಂಡಿಯಿಂದ ತಂದು ಮಾರುವವರಿಗೆ ದೃಢೀಕರಣದ ವಿನಾಯಿತಿ ಅನ್ವಯಿಸದು.

ಇನ್ನೊಂದು ಮಾತು: ಚಿಹ್ನೆ ಹೇಳುವುದು ಬೆಳೆದ ವಿಧಾನವನ್ನು, ಹೆಚ್ಚು ಪೌಷ್ಟಿಕಾಂಶವನ್ನಲ್ಲ. ಬಜೆಟ್ ಬಿಗಿಯಿದ್ದರೆ ಸಾಮಾನ್ಯ ರಾಗಿ, ಸೊಪ್ಪನ್ನೇ ಚೆನ್ನಾಗಿ ತೊಳೆದು ಧಾರಾಳವಾಗಿ ತಿನ್ನಿ. ಚಿಹ್ನೆಯೂ ಇಲ್ಲದ, ಬೆಳೆದವರ ಪರಿಚಯವೂ ಇಲ್ಲದ ‘ಸಾವಯವ’ಕ್ಕೆ ಹೆಚ್ಚು ಹಣ ಕೊಡಬೇಡಿ.