ಪ್ಲಾಸ್ಮಾ ಯಂತ್ರದಿಂದ ಕೊಯ್ದ ಅಂಚು ಕೆಡುವುದೇಕೆ?

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ನಮ್ಮ ನಡಿಗಡ್ಡೆಯಲ್ಲಿ ಕಮ್ಮಾರನ ಕುಲುಮೆಯಿಲ್ಲದ ಊರು ಹಿಂದೆ ವಿರಳವಾಗಿದ್ದಿತು. ನೇಗಿಲಿನ ಗುಳ, ಕುಡುಗೋಲು, ಬಂಡಿಯ ಗಾಲಿಗೆ ಹಾಕುವ ಪಟ್ಟಿ, ಎಲ್ಲವೂ ಅಲ್ಲಿಯೇ ಸಿದ್ಧವಾಗುತ್ತಿದ್ದುವು. ಈಗ ಆ ಸ್ಥಾನವನ್ನು ವೆಲ್ಡಿಂಗ್ ಅಂಗಡಿಯು ವಹಿಸಿಕೊಂಡಿದೆ. ಟ್ರ್ಯಾಕ್ಟರಿನ ಟ್ರಾಲಿ, ಕುಂಟೆ, ಕೂರಿಗೆ ಮುರಿದರೆ ಮಾನೋಪಾಡಿನ ರೈತನು ಮೊದಲು ನೆನೆಯುವುದು ಅದನ್ನೇ. ತಗಡು ಕೊಯ್ಯಲು ಪ್ಲಾಸ್ಮಾ ಯಂತ್ರವನ್ನು ಬಳಸುವ ರೂಢಿಯೂ ಈಚೆಗೆ ಬೆಳೆಯುತ್ತಿದೆ. ಹತ್ತನೆಯ ತರಗತಿಯನ್ನು ಮುಗಿಸಿ ಐ.ಟಿ.ಐ. ಸೇರಬಯಸುವ ನಮ್ಮ ವಿದ್ಯಾರ್ಥಿಗಳಿಗೂ, ಅಂಥ ಅಂಗಡಿಯಲ್ಲಿ ಹಣ ತೆತ್ತು ಕೆಲಸ ಮಾಡಿಸುವ ಪೋಷಕರಿಗೂ ಇದರ ಗುಣದೋಷಗಳು ತಿಳಿದಿರುವುದು ಉಚಿತವೆಂದು ಭಾವಿಸಿ ಈ ಪಾಠವನ್ನು ಬರೆದಿದ್ದೇವೆ.

ಘನ, ದ್ರವ, ಅನಿಲ ಎಂಬ ಮೂರು ಸ್ಥಿತಿಗಳನ್ನು ಮಕ್ಕಳು ಪುಸ್ತಕದಲ್ಲಿ ಓದಿರುತ್ತಾರೆ. ಅನಿಲವನ್ನು ಇನ್ನೂ ವಿಪರೀತವಾಗಿ ಕಾಯಿಸಿದರೆ ಅದರ ಪರಮಾಣುಗಳಿಂದ ಎಲೆಕ್ಟ್ರಾನುಗಳು ಬೇರ್ಪಟ್ಟು, ಅದು ವಿದ್ಯುತ್ತನ್ನು ಹರಿಯಗೊಡುವ ವಸ್ತುವಾಗುತ್ತದೆ. ಇದೇ ಪ್ಲಾಸ್ಮಾ. ಉಷ್ಣಕ್ಕೂ ಈ ಒಡೆಯುವಿಕೆಗೂ ಇರುವ ಸಂಬಂಧವನ್ನು 1920ರಲ್ಲಿ ಸಮೀಕರಣ ರೂಪದಲ್ಲಿ ತೋರಿಸಿದವರು ನಮ್ಮ ದೇಶದ ಮೇಘನಾದ ಸಹಾ ಅವರು. ‘ಪ್ಲಾಸ್ಮಾ’ ಎಂಬ ಹೆಸರನ್ನು 1928ರಲ್ಲಿ ಬಳಕೆಗೆ ತಂದವರು ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್. ಈ ಸ್ಥಿತಿಯನ್ನು ಲೋಹ ಕೊಯ್ಯಲು ಉಪಯೋಗಿಸುವ ವಿಧಾನಕ್ಕೆ ಅಮೆರಿಕದಲ್ಲಿಯೇ ರಾಬರ್ಟ್ ಗೇಜ್ ಎಂಬವರಿಗೆ 1957ರಲ್ಲಿ ಪೇಟೆಂಟ್ ದೊರೆಯಿತು.

ಯಂತ್ರದ ಟಾರ್ಚಿನೊಳಗೆ ತಾಮ್ರದ ಎಲೆಕ್ಟ್ರೋಡೊಂದಿದೆ. ಅದರ ತುದಿಯಲ್ಲಿ ಹಾಫ್ನಿಯಂ ಎಂಬ ಲೋಹದ ಸಣ್ಣ ಬೊಟ್ಟನ್ನು ಕೂರಿಸಿರುತ್ತಾರೆ. ಎಲೆಕ್ಟ್ರೋಡಿನ ಮುಂದೆ ಸೂಕ್ಷ್ಮ ರಂಧ್ರವುಳ್ಳ ನಾಝಲ್ ಇದೆ. ಕಂಪ್ರೆಸರಿನಿಂದ ಬಂದ ಗಾಳಿಯು ಸುಳಿಸುಳಿಯಾಗಿ ತಿರುಗುತ್ತ ಆ ರಂಧ್ರದಿಂದ ಹೊರಡುವಾಗ, ಎಲೆಕ್ಟ್ರೋಡಿನಿಂದ ತಗಡಿಗೆ ಹಾರುವ ವಿದ್ಯುತ್ ಚಾಪವು ಅದನ್ನು ಪ್ಲಾಸ್ಮಾ ಆಗಿ ಮಾರ್ಪಡಿಸುತ್ತದೆ. ಅದರ ಉಷ್ಣವು 20,000 ಡಿಗ್ರಿಯವರೆಗೂ ಏರಬಲ್ಲದು; ಸೂರ್ಯನ ಮೇಲ್ಮೈಯ ಉಷ್ಣವಾದರೋ ಸುಮಾರು 5,500 ಡಿಗ್ರಿ ಮಾತ್ರ. ಉಷ್ಣವು ಲೋಹವನ್ನು ಕರಗಿಸುತ್ತದೆ, ವೇಗವಾದ ಗಾಳಿಯು ಕರಗಿದುದನ್ನು ಕೆಳಕ್ಕೆ ಊದಿಬಿಡುತ್ತದೆ. ಕೆಲಸ ಕೆಟ್ಟಾಗ ಈ ಎರಡರಲ್ಲಿ ಯಾವುದು ತಪ್ಪಿತೆಂದು ಕೇಳಿಕೊಳ್ಳಬೇಕು.

ಕೆಟ್ಟ ಕೆಲಸದ ಮೊದಲ ಗುರುತು ಕಿಟ್ಟ, ಎಂದರೆ ತಗಡಿನ ಕೆಳಗಡೆ ಅಂಟಿಕೊಳ್ಳುವ ಕರಗಿದ ಲೋಹ. ಕಿಟ್ಟವನ್ನು ಕಂಡ ಕೂಡಲೇ ಗ್ರೈಂಡರಿಗೆ ಕೈಹಾಕಬಾರದು. ಮೊದಲು ಅದನ್ನು ಓದಬೇಕು. ಅದು ದಪ್ಪ ದಪ್ಪ ಗುಳ್ಳೆಗಳಂತಿದ್ದು, ಸುತ್ತಿಗೆಯ ಒಂದೆರಡು ಏಟಿಗೆ ಉದುರಿಬಿದ್ದರೆ ಟಾರ್ಚು ತೀರ ನಿಧಾನವಾಗಿ ಸಾಗಿತೆಂದು ತಿಳಿಯತಕ್ಕದ್ದು. ನಿಧಾನವಾದಷ್ಟೂ ಸೀಳು ಅಗಲವಾಗಿ, ಕರಗಿದ ಲೋಹವನ್ನು ದೂಡುವ ಶಕ್ತಿಯು ಗಾಳಿಗೆ ಸಾಲದೆ ಹೋಗುತ್ತದೆ. ಅದಕ್ಕೆ ಪ್ರತಿಯಾಗಿ ಕಿಟ್ಟವು ತೆಳ್ಳನೆಯ ಗಟ್ಟಿ ಗೆರೆಯಾಗಿ ಅಂಚಿಗೆ ಬೆಸೆದುಕೊಂಡು, ಉಜ್ಜದ ಹೊರತು ಬಿಡದಿದ್ದರೆ ವೇಗವು ಅತಿಯಾಗಿದೆ. ಇವೆರಡರ ನಡುವೆ ಕಿಟ್ಟವೇ ಇಲ್ಲದ ಅಥವಾ ಅತ್ಯಲ್ಪವಾದ ಒಂದು ವೇಗ ಉಂಟು. ಅದನ್ನು ಅಷ್ಟೇ ದಪ್ಪದ ರದ್ದಿ ತಗಡಿನ ಮೇಲೆ ಮೊದಲೇ ಕಂಡುಹಿಡಿಯಬೇಕು. ಕೊಯ್ಯುತ್ತಿರುವಾಗ ಕೆಳಗೆ ಬೀಳುವ ಕಿಡಿಗಳೂ ದಾರಿ ತೋರಿಸುತ್ತವೆ. ಅವು ಸ್ವಲ್ಪ ಹಿಂದಕ್ಕೆ ಓರೆಯಾಗಿ ಬಿದ್ದರೆ ಸರಿ. ನೆಟ್ಟಗೆ ಬಿದ್ದರೆ ನಿಧಾನವಾಯಿತು. ಮೇಲಕ್ಕೆ ಚಿಮ್ಮಿದರೆ ಚಾಪವು ತಗಡನ್ನು ತೂರಿಯೇ ಇಲ್ಲ.

ಎರಡನೆಯ ಗುರುತು ಅಂಚಿನ ಓರೆ. ಟಾರ್ಚು ಎತ್ತರವಾದರೆ ಮೇಲಂಚು ದುಂಡಾಗಿ ಓರೆ ಹೆಚ್ಚುತ್ತದೆ; ತೀರ ತಗ್ಗಾದರೆ ಓರೆಯು ಒಳಮುಖವಾಗಿ ತಿರುಗುತ್ತದೆ. ಸಾಮಾನ್ಯ ಕೆಲಸದಲ್ಲಿ ತಗಡಿಗೂ ನಾಝಲಿಗೂ ಒಂದೂವರೆಯಿಂದ ಮೂರು ಮಿಲಿಮೀಟರು ಅಂತರವಿರಬೇಕು. ಓರೆಯ ಕಾರಣವನ್ನು ತಿಳಿಯಲು ಒಂದು ಸಣ್ಣ ಚೌಕವನ್ನು ಕೊಯ್ದು ನೋಡುವುದು ಒಳ್ಳೆಯ ಉಪಾಯ. ನಾಲ್ಕು ಮಗ್ಗುಲೂ ಒಂದೇ ಬಗೆಯಾಗಿ ಓರೆಯಾಗಿದ್ದರೆ ಎತ್ತರ, ವೇಗ ಅಥವಾ ಸವೆದ ನಾಝಲನ್ನು ಸಂಶಯಿಸಬೇಕು. ಒಂದು ಮಗ್ಗುಲು ಹೊರಕ್ಕೂ ಎದುರು ಮಗ್ಗುಲು ಒಳಕ್ಕೂ ಓರೆಯಾಗಿದ್ದರೆ ಟಾರ್ಚು ತಗಡಿಗೆ ಲಂಬವಾಗಿ ನಿಂತಿಲ್ಲವೆಂದೇ ಅರ್ಥ. ಗುಣಿಯಿಟ್ಟು ನೋಡಿದರೆ ಗೊತ್ತಾಗುತ್ತದೆ. ಗಾಳಿಯು ಸುಳಿದು ಬರುವುದರಿಂದ, ಸಾಮಾನ್ಯ ಟಾರ್ಚುಗಳಲ್ಲಿ ಸಾಗುವ ದಿಕ್ಕಿನ ಬಲಗಡೆಯ ಅಂಚು ನೆಟ್ಟಗೂ ಎಡಗಡೆಯದು ತುಸು ಓರೆಯಾಗಿಯೂ ಬರುವುದು ಸಹಜ. ಆದುದರಿಂದ ಬಿಲ್ಲೆಯ ಹೊರಸುತ್ತನ್ನು ಪ್ರದಕ್ಷಿಣವಾಗಿಯೂ ಒಳಗಣ ರಂಧ್ರವನ್ನು ಅಪ್ರದಕ್ಷಿಣವಾಗಿಯೂ ಕೊಯ್ಯುತ್ತಾರೆ. ಆಗ ಓರೆಯೆಲ್ಲ ರದ್ದಿಯ ಪಾಲಾಗುತ್ತದೆ.

ಇನ್ನು ಗಾಳಿಯ ವಿಷಯ. ಒಂದು ಅಂಗಡಿಯಲ್ಲಿ ಮಳೆಗಾಲದ ದಿನ ನಾವು ಕಂಡುದನ್ನು ಹೇಳುತ್ತೇವೆ. ಕಾರೀಗರರು ಮಧ್ಯಾಹ್ನದೊಳಗೆ ಮೂರು ನಾಝಲುಗಳನ್ನು ಬದಲಾಯಿಸಿದ್ದರು. ಪ್ರತಿಯೊಂದರಲ್ಲಿಯೂ ಮೊದಲ ನಾಲ್ಕು ಗೀಟು ಚೆನ್ನಾಗಿ ಬಂದು, ಬಳಿಕ ಅಂಚು ಹರಕಲಾಗುತ್ತಿದ್ದಿತು. ಯಂತ್ರವೇ ಕೆಟ್ಟಿದೆ, ಕಂಪನಿಗೆ ಕಳುಹಬೇಕು ಎಂಬ ನಿರ್ಧಾರಕ್ಕೂ ಬಂದಿದ್ದರು. ಕಡೆಗೆ ಒಬ್ಬ ಹಿರಿಯರು ಕಂಪ್ರೆಸರಿನ ತೊಟ್ಟಿಯ ಕೆಳಗಣ ತಿರುಪನ್ನು ಬಿಚ್ಚಿದಾಗ ತುಕ್ಕುಬಣ್ಣದ ನೀರು ಚೊಂಬುಗಟ್ಟಲೆ ಸುರಿಯಿತು! ಗಾಳಿಯನ್ನು ಒತ್ತಿದಾಗ ಅದರಲ್ಲಿನ ತೇವವು ನೀರಾಗಿ ತಂಗುತ್ತದೆ. ಅದು ಟಾರ್ಚಿಗೆ ಹೋದರೆ ಚಾಪವು ಅಲೆದಾಡಿ ನಾಝಲಿನ ರಂಧ್ರವನ್ನು ತಿನ್ನುತ್ತದೆ. ಪರೀಕ್ಷೆ ಬಹು ಸುಲಭ. ಚಾಪವನ್ನು ಹೊತ್ತಿಸದೆ ಗಾಳಿಯನ್ನು ಮಾತ್ರ ಬಿಟ್ಟು, ಟಾರ್ಚಿನ ಮುಂದೆ ಕನ್ನಡಿಯನ್ನೋ ಬಿಳಿಯ ಕಾಗದವನ್ನೋ ಹಿಡಿಯಬೇಕು. ಮಂಜು ಕೂತರೆ ನೀರು, ಕಲೆಯಾದರೆ ಎಣ್ಣೆ. ತೊಟ್ಟಿಯ ನೀರನ್ನು ದಿನವೂ ಹೊರಬಿಡುವುದಕ್ಕೆ ಕಾಸು ಖರ್ಚಿಲ್ಲ.

ನಾಝಲಿನ ರಂಧ್ರವು ದುಂಡಗಿರಬೇಕು. ಮೊಟ್ಟೆಯಾಕಾರವಾಗಿದ್ದರೆ ಅದನ್ನು ಬಿಸುಡುವುದೇ ಲಾಭ. ಎಲೆಕ್ಟ್ರೋಡಿನ ಬೊಟ್ಟಿನಲ್ಲಿ ಕುಳಿಯು ಸುಮಾರು ಒಂದೂವರೆ ಮಿಲಿಮೀಟರು ಆಳವಾದಾಗ ಅದೂ ಮುಗಿಯಿತು. 40 ಆಂಪಿಯರಿನ ನಾಝಲಿನಲ್ಲಿ 60 ಆಂಪಿಯರು ಹರಿಸುವುದು, ನಾಝಲನ್ನು ತಗಡಿಗೆ ತಾಗಿಸಿಯೇ ತೂತು ಹೊಡೆಯುವುದು, ಇವು ಅದರ ಆಯುಸ್ಸನ್ನು ಗಳಿಗೆಯಲ್ಲಿ ಕಳೆಯುವ ತಪ್ಪುಗಳು. ಅರ್ಥಿಂಗ್ ಕ್ಲ್ಯಾಂಪನ್ನು ಬಣ್ಣ ತುಕ್ಕುಗಳ ಮೇಲೆ ಕಚ್ಚಿಸಬಾರದು. ಓಲ್ಟೇಜು ಕುಗ್ಗಿದ ಹೊತ್ತಿನಲ್ಲಿ, ಸಣ್ಣ ತಂತಿಯನ್ನು ಬಹುದೂರ ಎಳೆದು ಕೆಲಸ ಮಾಡಿದರೆ ದಪ್ಪ ತಗಡು ಕೊನೆಯವರೆಗೆ ಕೊಯ್ಯುವುದಿಲ್ಲ. ಅದಕ್ಕೆ ಯಂತ್ರವನ್ನು ದೂಷಿಸಿ ಫಲವಿಲ್ಲ.

ಅಂಚು ನೋಟಕ್ಕೆ ಅಂದವಾಗಿದ್ದರೂ ಅದರೊಳಗೆ ಅಡಗಿರುವ ದೋಷವೊಂದುಂಟು. ಪೋಷಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಗಾಳಿಯಿಂದ ಕೊಯ್ದಾಗ ಉಕ್ಕಿನ ಅಂಚು ಅದನ್ನು ಹೀರಿ ಗಟ್ಟಿಯಾಗುತ್ತದೆ. ಅಂಥ ಅಂಚನ್ನು ಹಾಗೆಯೇ ವೆಲ್ಡ್ ಮಾಡಿದರೆ ಬೆಸುಗೆಯೊಳಗೆ ಸೂಕ್ಷ್ಮ ಗುಳ್ಳೆಗಳಾಗುತ್ತವೆ. ಗೇಟಿನ ಅಲಂಕಾರಕ್ಕಾದರೆ ಚಿಂತೆಯಿಲ್ಲ. ಆದರೆ ಟ್ರಾಲಿಯನ್ನು ಟ್ರ್ಯಾಕ್ಟರಿಗೆ ಜೋಡಿಸುವ ಕೊಂಡಿಯ ತಗಡಾದರೆ? ನಿಯಮಕ್ಕೆ ವಿರುದ್ಧವಾದರೂ ಆಲಂಪುರದ ಜಾತ್ರೆಗೆ ಹೆಂಗಸರು ಮಕ್ಕಳು ಟ್ರಾಲಿಯಲ್ಲಿ ಕುಳಿತು ಹೋಗುವುದನ್ನು ನಾವೆಲ್ಲರೂ ನೋಡಿದ್ದೇವೆ. ವೆಲ್ಡ್ ಮಾಡುವ ಮುನ್ನ ಅಂಚನ್ನು ಸುಮಾರು ಅರ್ಧ ಮಿಲಿಮೀಟರಿನಷ್ಟು ಉಜ್ಜಿ ತೆಗೆದರೆ ಈ ದೋಷವು ಹೋಗುತ್ತದೆ. ಕೊಂಡಿಯ ಕೆಲಸ ಮಾಡಿಸುವವರು ‘ಅಂಚನ್ನು ಉಜ್ಜಿದಿರಾ ಅಣ್ಣ?’ ಎಂದು ಕೇಳಲು ಸಂಕೋಚಪಡಬಾರದು.

ಕಲಿಯುವ ಮಕ್ಕಳಿಗೆ ಇಷ್ಟು ಎಚ್ಚರಿಕೆ. ನಾಝಲನ್ನು ಬಿಚ್ಚುವ ಮುನ್ನ ಮುಖ್ಯ ಸ್ವಿಚ್ಚನ್ನು ತೆಗೆಯಬೇಕು, ಏಕೆಂದರೆ ಈ ಯಂತ್ರದ ಓಲ್ಟೇಜು ವೆಲ್ಡಿಂಗ್ ಯಂತ್ರದ್ದಕ್ಕಿಂತ ಬಹಳ ಹೆಚ್ಚು. ಕಪ್ಪುಗಾಜಿಲ್ಲದೆ ಚಾಪವನ್ನು ನೋಡಕೂಡದು. ಸತುವು ಲೇಪಿಸಿದ ತಗಡಿನ ಹೊಗೆ ಜ್ವರ ತರುತ್ತದೆ. ಅದನ್ನು ಬಯಲಿನಲ್ಲಿ, ಗಾಳಿ ಬೀಸುವ ಕಡೆಗೆ ನಿಂತು ಕೊಯ್ಯಬೇಕು. ಡೀಸೆಲ್ ಅಥವಾ ಕೀಟನಾಶಕ ತುಂಬಿದ್ದ ಪೀಪಾಯಿ ಎಷ್ಟೇ ಖಾಲಿಯಾಗಿ ಕಂಡರೂ, ಯಾರು ಎಷ್ಟೇ ಒತ್ತಾಯಿಸಿದರೂ, ಅದಕ್ಕೆ ಟಾರ್ಚನ್ನು ಹಿಡಿಯಬಾರದು.