ವೆಬ್ ಸರ್ವರ್ ನಿಲುಗಡೆ ಮತ್ತು ಪುನರಾರಂಭ: ವರ್ತಕರು ಪಾಲಿಸಬೇಕಾದ ಕ್ರಮ

ರೋಣ, ನರಗುಂದ ಮತ್ತು ಗಜೇಂದ್ರಗಡದ ವ್ಯಾಪಾರ ವ್ಯವಹಾರವು ಕಿರ್ದಿ-ಖತಾವಣಿ ಪುಸ್ತಕಗಳಿಂದ ಗಣಕಯಂತ್ರಕ್ಕೆ ಸಾಗಿ ಬಹಳ ವರ್ಷಗಳಾದವು. ಕಡಲೆ, ಹೆಸರು ಖರೀದಿಸುವ ಅಡತ್ ಅಂಗಡಿಯಿರಲಿ, ಹತ್ತಿಯ ಜಿನ್ನಿಂಗ್ ಕಾರ್ಖಾನೆಯಿರಲಿ, ಪಟ್ಟೇದ ಅಂಚಿನ ಸೀರೆ ನೇಯುವ ಘಟಕವಿರಲಿ, ಬಿಲ್ಲು, ದಾಸ್ತಾನು ಹಾಗೂ ಬಾಕಿಯ ವಿವರಗಳು ಇಂದು ಅನೇಕ ಕಡೆ ಕಚೇರಿಯ ಮೂಲೆಯಲ್ಲಿರುವ ಒಂದು ಗಣಕಯಂತ್ರದಲ್ಲಿವೆ. ಮಾಲೀಕರು, ಗುಮಾಸ್ತರು ಮತ್ತು ಗೋದಾಮಿನ ಸಿಬ್ಬಂದಿ ತಮ್ಮ ತಮ್ಮ ಬ್ರೌಸರ್ ತೆರೆದು ಆ ಒಂದೇ ಯಂತ್ರದೊಡನೆ ವ್ಯವಹರಿಸುತ್ತಾರೆ. ಹೀಗೆ ಹಲವರ ಕೋರಿಕೆಗಳನ್ನು ಸ್ವೀಕರಿಸಿ ಉತ್ತರ ನೀಡುವ ತಂತ್ರಾಂಶಕ್ಕೆ ವೆಬ್ ಸರ್ವರ್ ಎಂದು ಹೆಸರು. 1995ರಲ್ಲಿ ಬಂದ ಅಪಾಚೆ, 2004ರಲ್ಲಿ ಬಿಡುಗಡೆಯಾದ ಎಂಜಿನ್-ಎಕ್ಸ್ ಹಾಗೂ ಮೈಕ್ರೋಸಾಫ್ಟ್ ಸಂಸ್ಥೆಯ ಐಐಎಸ್ ಇವುಗಳಲ್ಲಿ ಪ್ರಮುಖವಾದವು.

ಈ ಯಂತ್ರವನ್ನು ಆರಂಭಿಸುವ ಬಗ್ಗೆ ಎಲ್ಲರಿಗೂ ತಿಳಿದಿದೆ. ಆದರೆ ನಿಲ್ಲಿಸುವ ಬಗ್ಗೆ ಯೋಚಿಸುವವರು ಕಡಿಮೆ. ಸಂಜೆ ಗುಂಡಿ ಒತ್ತಿ ಆರಿಸುವುದು, ತಂತ್ರಾಂಶ ನಿಧಾನವಾದರೆ ಪ್ಲಗ್ ಕಿತ್ತು ಮತ್ತೆ ಹಾಕುವುದು ಸಾಮಾನ್ಯ ರೂಢಿಯಾಗಿದೆ. ಲೆಕ್ಕಪತ್ರದ ದೃಷ್ಟಿಯಿಂದ ಇದು ಅಪಾಯಕಾರಿ ರೂಢಿ. ಸರ್ವರ್ ನಿಲ್ಲಿಸುವುದು ವಿದ್ಯುತ್ತಿನ ಕೆಲಸವಲ್ಲ. ಅದು ದಿನದ ಲೆಕ್ಕ ಮುಚ್ಚುವ ಕೆಲಸದ ಒಂದು ಭಾಗ ಎಂಬುದನ್ನು ವರ್ತಕರು ಮನಗಾಣಬೇಕು.

ಹಠಾತ್ ನಿಲುಗಡೆಯ ಪರಿಣಾಮ

ಬಿಲ್ಲಿನ ತಂತ್ರಾಂಶದಲ್ಲಿ ಸಾಮಾನ್ಯವಾಗಿ ಮೂರು ಪದರಗಳಿರುತ್ತವೆ. ಎದುರಿಗೆ ವೆಬ್ ಸರ್ವರ್, ಅದರ ಹಿಂದೆ ಲೆಕ್ಕ ಮಾಡುವ ತಂತ್ರಾಂಶ, ಎಲ್ಲಕ್ಕೂ ಕೆಳಗೆ ಮಾಹಿತಿಯನ್ನು ಕೂಡಿಡುವ ಡಾಟಾಬೇಸ್. ಒಂದು ಬಿಲ್ಲು ಸಿದ್ಧವಾಗುವಾಗ ಗಿರಾಕಿಯ ಖಾತೆಗೆ ಖರ್ಚು, ಮಾರಾಟದ ಖಾತೆಗೆ ಜಮಾ, ದಾಸ್ತಾನಿನಲ್ಲಿ ಕಡಿತ, ತೆರಿಗೆಯ ಖಾತೆಯಲ್ಲಿ ನಮೂದು, ಇವೆಲ್ಲವೂ ಒಟ್ಟಿಗೆ ಆಗಬೇಕು. ಮಧ್ಯದಲ್ಲಿ ಯಂತ್ರ ನಿಂತರೆ ಒಂದು ಕಡೆ ಬರೆದು ಇನ್ನೊಂದು ಕಡೆ ಬರೆಯದೆ ಉಳಿದ ಕಿರ್ದಿಯಂತಾಗುತ್ತದೆ.

ಉತ್ತಮ ಡಾಟಾಬೇಸ್‌ಗಳು ಇದಕ್ಕೆ ಪರಿಹಾರ ಹೊಂದಿವೆ. ಉದಾಹರಣೆಗೆ, ಮೈಎಸ್‌ಕ್ಯೂಎಲ್‌ನ ಇನೋಡಿಬಿ ಪದ್ಧತಿಯಲ್ಲಿ ಅರ್ಧಕ್ಕೆ ನಿಂತ ವ್ಯವಹಾರವು ಮುಂದಿನ ಆರಂಭದಲ್ಲಿ ತಾನಾಗಿಯೇ ರದ್ದಾಗುತ್ತದೆ. ಅದೇ ಮೈಎಸ್‌ಕ್ಯೂಎಲ್‌ನ ಹಳೆಯ ಮೈಐಸ್ಯಾಮ್ ಪದ್ಧತಿಯಲ್ಲಿ ಈ ಸೌಲಭ್ಯವಿಲ್ಲ; ಕೋಷ್ಟಕಗಳೇ ಕೆಡುವ ಸಂಭವವಿದೆ. ಹಳೆಯ ತಂತ್ರಾಂಶ ಬಳಸುತ್ತಿರುವವರು ತಮ್ಮಲ್ಲಿ ಯಾವ ಪದ್ಧತಿಯಿದೆ ಎಂದು ತಂತ್ರಾಂಶ ಒದಗಿಸಿದವರಿಂದ ಇಂದೇ ತಿಳಿದುಕೊಳ್ಳುವುದು ಒಳಿತು.

ಆದರೆ ಡಾಟಾಬೇಸ್ ಎಷ್ಟೇ ಉತ್ತಮವಾಗಿದ್ದರೂ ಕಚೇರಿಯ ಹೊರಗೆ ನಡೆದುಹೋದದ್ದನ್ನು ಅದು ಹಿಂತೆಗೆಯಲಾರದು. ನರಗುಂದದ ಒಂದು ಜಿನ್ನಿಂಗ್ ಕಾರ್ಖಾನೆಯು ತಮಿಳುನಾಡಿನ ನೂಲಿನ ಗಿರಣಿಗೆ 20 ಲಕ್ಷ ರೂಪಾಯಿಯ ಅರಳೆ ಕಳುಹಿಸುತ್ತಿದೆ ಎಂದು ಭಾವಿಸೋಣ. ಗುಮಾಸ್ತನು ಬಿಲ್ಲನ್ನು ಸರ್ಕಾರದ ಪೋರ್ಟಲ್‌ಗೆ ಕಳುಹಿಸಿದ್ದಾನೆ. ಅಲ್ಲಿ ಇ-ಇನ್‌ವಾಯ್ಸ್ ಸಂಖ್ಯೆಯೂ ಇ-ವೇ ಬಿಲ್ಲೂ ಹುಟ್ಟಿವೆ. ಉತ್ತರ ಮರಳಿ ಬರುವ ಮೊದಲೇ ಯಾರೋ ಸರ್ವರ್ ಆರಿಸಿದರು. ಪುನಃ ಆರಂಭಿಸಿದಾಗ ಕಚೇರಿಯ ಲೆಕ್ಕದಲ್ಲಿ ಆ ಬಿಲ್ಲು ಇಲ್ಲ. ಗುಮಾಸ್ತನು ಹೊಸ ಸಂಖ್ಯೆಯಿಂದ ಮತ್ತೊಂದು ಬಿಲ್ಲು ಮಾಡುತ್ತಾನೆ. ಈಗ ಒಂದೇ ಲಾರಿಯ ಸರಕಿಗೆ ಎರಡು ಬಿಲ್ಲುಗಳು, ಜಿಎಸ್‌ಟಿಆರ್-1ರಲ್ಲಿ ಎರಡು ಪಟ್ಟು ಮಾರಾಟ, ಶೇ. 5ರ ದರದಲ್ಲಿ 1 ಲಕ್ಷದ ಬದಲು 2 ಲಕ್ಷ ರೂಪಾಯಿ ತೆರಿಗೆಯ ಹೊಣೆ. ಇ-ಇನ್‌ವಾಯ್ಸ್ ಹಾಗೂ ಇ-ವೇ ಬಿಲ್ಲನ್ನು ಪೋರ್ಟಲ್‌ನಲ್ಲಿ ರದ್ದುಪಡಿಸಲು 24 ಗಂಟೆಗಳ ಅವಧಿ ಮಾತ್ರ ಇದೆ. ಆ ಅವಧಿ ಮೀರಿದರೆ ಕ್ರೆಡಿಟ್ ನೋಟ್ ಬರೆದು ಸರಿಪಡಿಸುವಂತಹ ದೀರ್ಘ ದಾರಿ ಹಿಡಿಯಬೇಕಾಗುತ್ತದೆ.

2018ರ ಅನುಭವ

ಸರ್ವರ್ ನಿಂತರೆ ವ್ಯಾಪಾರ ಹೇಗೆ ನಿಲ್ಲುತ್ತದೆ ಎಂಬುದನ್ನು ಇಡೀ ದೇಶ ಒಮ್ಮೆ ಕಂಡಿದೆ. ಇ-ವೇ ಬಿಲ್ ಪದ್ಧತಿಯು 2018ರ ಫೆಬ್ರುವರಿ 1ರಂದು ಕಡ್ಡಾಯವಾಗಬೇಕಿತ್ತು. ಮೊದಲ ದಿನವೇ ಪೋರ್ಟಲ್ ಭಾರ ತಾಳದೆ ಸ್ಥಗಿತಗೊಂಡಿತು. ಸರ್ಕಾರವು ಪ್ರಾಯೋಗಿಕ ಅವಧಿಯನ್ನು ವಿಸ್ತರಿಸಿ, ಅಂತರರಾಜ್ಯ ಸಾಗಣೆಗೆ ಏಪ್ರಿಲ್ 1ರಿಂದ ಪದ್ಧತಿಯನ್ನು ಮತ್ತೆ ಜಾರಿಗೆ ತಂದಿತು. ರಾಜ್ಯದೊಳಗಿನ ಸಾಗಣೆಯನ್ನು ಹಂತ ಹಂತವಾಗಿ ಸೇರಿಸಲಾಯಿತು. ಏಪ್ರಿಲ್ 15ರಂದು ಐದು ರಾಜ್ಯಗಳು ಸೇರಿದವು. ಕರ್ನಾಟಕವು 2017ರ ಸೆಪ್ಟೆಂಬರ್‌ನಿಂದಲೇ ಈ ಪದ್ಧತಿಯನ್ನು ಪ್ರಯೋಗಿಸುತ್ತಿತ್ತು.

ಮುಂದೆ 2025ರ ಜುಲೈ 1ರಂದು ಇ-ವೇ ಬಿಲ್ 2.0 ಎಂಬ ಎರಡನೆಯ ಪೋರ್ಟಲ್ ಆರಂಭವಾಯಿತು. ಎರಡೂ ಪೋರ್ಟಲ್‌ಗಳ ಮಾಹಿತಿ ಪರಸ್ಪರ ಹೊಂದಿಕೊಂಡಿರುವುದರಿಂದ ಒಂದರಲ್ಲಿ ಅಡಚಣೆಯಾದರೂ ಇನ್ನೊಂದರಲ್ಲಿ ಕೆಲಸ ಮುಂದುವರಿಸಬಹುದು. ಇದರಲ್ಲಿ ಸಣ್ಣ ಉದ್ಯಮಿಗಳಿಗೂ ಪಾಠವಿದೆ. ಪುನರಾರಂಭವನ್ನು ಅವಸರದಿಂದ ಮಾಡದೆ ಹಂತಗಳಲ್ಲಿ ಮಾಡಬೇಕು. ಸರ್ವರ್ ನಿಂತಾಗ ಕೆಲಸ ನಡೆಸುವ ಎರಡನೆಯ ದಾರಿಯನ್ನು ಮೊದಲೇ ಸಿದ್ಧವಾಗಿಡಬೇಕು.

ನಿಲ್ಲಿಸುವ ಕ್ರಮ

ಅಡತ್ ಅಂಗಡಿಯ ಮಾಲೀಕರು ಗಿರಾಕಿ ಒಳಗಿರುವಾಗ ಬಾಗಿಲು ಎಳೆಯುವುದಿಲ್ಲ. ಹೊಸಬರನ್ನು ತಡೆದು, ಒಳಗಿರುವವರ ತೂಕದ ಚೀಟಿ ಮುಗಿಸಿ, ರೋಖ ಎಣಿಸಿ, ನಂತರ ಬೀಗ ಹಾಕುತ್ತಾರೆ. ಸರ್ವರಿಗೂ ಇದೇ ನಿಯಮ.

1. ಸೂಚನೆ: ಕನಿಷ್ಠ 15 ನಿಮಿಷ ಮೊದಲು ಎಲ್ಲ ಬಳಕೆದಾರರಿಗೂ ತಿಳಿಸಬೇಕು. ಗೋದಾಮಿನಲ್ಲಿ ಮೊಬೈಲ್ ಮೂಲಕ ಕೆಲಸ ಮಾಡುವವರನ್ನು ಮರೆಯಬಾರದು.

2. ಕೊನೆಯ ಸಂಖ್ಯೆ: ಕೊನೆಯ ಬಿಲ್ಲು, ರಶೀದಿ ಮತ್ತು ಇ-ವೇ ಬಿಲ್ಲಿನ ಸಂಖ್ಯೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಸಮಯಸಹಿತ ಬರೆದಿಡಬೇಕು. ಇಡೀ ಕ್ರಮದಲ್ಲಿ ಅತ್ಯಂತ ಅಗ್ಗದ, ಅತ್ಯಂತ ಉಪಯುಕ್ತವಾದ ಹೆಜ್ಜೆ ಇದು.

3. ವೆಬ್ ಸರ್ವರ್: ಇದನ್ನು ಮೊದಲು ನಿಲ್ಲಿಸಬೇಕು. ಅಪಾಚೆಯಲ್ಲಿ ‘ಸ್ಟಾಪ್’ ಎಂಬ ಆಜ್ಞೆಯು ನಡೆಯುತ್ತಿರುವ ಕೆಲಸವನ್ನು ಕಡಿದುಹಾಕುತ್ತದೆ. ‘ಗ್ರೇಸ್‌ಫುಲ್ ಸ್ಟಾಪ್’ ಎಂಬ ಆಜ್ಞೆಯು ಹೊಸ ಕೋರಿಕೆಗಳನ್ನು ತಡೆದು, ಕೈಯಲ್ಲಿರುವುದನ್ನು ಮುಗಿಸಿ ನಿಲ್ಲುತ್ತದೆ. ಎಂಜಿನ್-ಎಕ್ಸ್‌ನಲ್ಲಿ ‘ಸ್ಟಾಪ್’ ಮತ್ತು ‘ಕ್ವಿಟ್’ ಆಜ್ಞೆಗಳಿಗೆ ಇದೇ ವ್ಯತ್ಯಾಸವಿದೆ. ಅಲ್ಲಿ ‘ಕ್ವಿಟ್’ ಬಳಸಬೇಕು.

4. ಡಾಟಾಬೇಸ್ ಮತ್ತು ಬ್ಯಾಕಪ್: ಬಾಗಿಲು ಮುಚ್ಚಿದ ಮೇಲೆ ಬ್ಯಾಕಪ್ ತೆಗೆದು, ನಂತರ ಡಾಟಾಬೇಸನ್ನು ಅದರದೇ ಆಜ್ಞೆಯಿಂದ ನಿಲ್ಲಿಸಬೇಕು. ಬ್ಯಾಕಪ್‌ನ ಪ್ರತಿ ಅದೇ ಯಂತ್ರದಲ್ಲಿ ಉಳಿದರೆ ಪ್ರಯೋಜನವಿಲ್ಲ.

5. ಯಂತ್ರ: ಕೊನೆಗೆ ಆಪರೇಟಿಂಗ್ ಸಿಸ್ಟಂನ ಶಟ್‌ಡೌನ್ ಮೂಲಕವೇ ಯಂತ್ರವನ್ನು ಆರಿಸಬೇಕು. ಗೋಡೆಯ ಸ್ವಿಚ್ಚು ಎಲ್ಲಕ್ಕಿಂತ ಕೊನೆಯದು.

ಕೇವಲ ಸಂಯೋಜನೆಯಲ್ಲಿ ಸಣ್ಣ ಬದಲಾವಣೆ ಮಾಡಿದ್ದರೆ ಸರ್ವರನ್ನು ಪೂರ್ತಿ ನಿಲ್ಲಿಸುವ ಅಗತ್ಯವಿಲ್ಲ. ಮೊದಲು ಸಂಯೋಜನೆಯ ಕಡತವನ್ನು ಪರೀಕ್ಷಿಸುವ ಆಜ್ಞೆ ಕೊಟ್ಟು, ದೋಷವಿಲ್ಲವೆಂದು ಖಚಿತವಾದ ಮೇಲೆ ಅಪಾಚೆಯಲ್ಲಿ ‘ಗ್ರೇಸ್‌ಫುಲ್’, ಎಂಜಿನ್-ಎಕ್ಸ್‌ನಲ್ಲಿ ‘ರೀಲೋಡ್’ ಎಂದರೆ ಸಾಕು. ಪರೀಕ್ಷೆಯಿಲ್ಲದೆ ನಿಲ್ಲಿಸಿದ ಸರ್ವರ್, ಕಡತದಲ್ಲಿ ಒಂದು ಅಕ್ಷರ ತಪ್ಪಿದ್ದರೂ ಮತ್ತೆ ಏಳುವುದಿಲ್ಲ.

ಪುನರಾರಂಭಿಸುವ ಕ್ರಮ

ಆರಂಭದ ಕ್ರಮವು ನಿಲುಗಡೆಯ ಕ್ರಮಕ್ಕೆ ವಿರುದ್ಧವಾದುದು. ಮೊದಲು ಯಂತ್ರ, ನಂತರ ಡಾಟಾಬೇಸ್, ಕೊನೆಗೆ ವೆಬ್ ಸರ್ವರ್. ವೆಬ್ ಸರ್ವರ್ ಏಳದಿದ್ದರೆ ಮತ್ತೆ ಮತ್ತೆ ಗುಂಡಿ ಒತ್ತದೆ, ದೋಷಗಳ ದಾಖಲೆಯಾದ ಎರರ್ ಲಾಗ್‌ನ ಕೊನೆಯ ಸಾಲುಗಳನ್ನು ಓದಬೇಕು. ಹಳೆಯ ಪ್ರಕ್ರಿಯೆ ಇನ್ನೂ ಜೀವಂತವಿದ್ದು ಅದೇ ಪೋರ್ಟನ್ನು ಹಿಡಿದಿರುವುದು, ಡಿಸ್ಕ್ ತುಂಬಿರುವುದು, ಇವು ಸಾಮಾನ್ಯ ಕಾರಣಗಳು.

ಸರ್ವರ್ ಎದ್ದ ಕೂಡಲೇ ಎಲ್ಲರನ್ನೂ ಒಳಗೆ ಬಿಡಬಾರದು. ಒಬ್ಬ ಜವಾಬ್ದಾರಿಯುತ ವ್ಯಕ್ತಿ ಮೂರು ಸಂಗತಿಗಳನ್ನು ನೋಡಬೇಕು. ಒಂದು, ದಿನಾಂಕ ಮತ್ತು ಸಮಯ. ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸತ್ತಿದ್ದರೆ ಯಂತ್ರದ ಗಡಿಯಾರವು ಹಿಂದಿನ ವರ್ಷಗಳಿಗೆ ಹೋಗಿರುತ್ತದೆ. ಬಿಲ್ಲಿನ ದಿನಾಂಕ ತಪ್ಪುತ್ತದೆ. ಎರಡು, ನೋಟ್‌ಬುಕ್ಕಿನಲ್ಲಿ ಬರೆದ ಕೊನೆಯ ಸಂಖ್ಯೆಯೂ ತೆರೆಯ ಮೇಲಿನ ಕೊನೆಯ ಸಂಖ್ಯೆಯೂ ಒಂದೇ ಆಗಿರಬೇಕು. ಮೂರು, ಆ ದಿನದ ಇ-ವೇ ಬಿಲ್ಲುಗಳ ಪಟ್ಟಿಯನ್ನು ಪೋರ್ಟಲ್‌ನಿಂದ ತೆಗೆದು ಕಚೇರಿಯ ಪಟ್ಟಿಯೊಡನೆ ತಾಳೆ ನೋಡಬೇಕು. ಮೇಲಿನ ಉದಾಹರಣೆಯ ಗುಮಾಸ್ತನು ಈ ಮೂರನೆಯ ಕೆಲಸ ಮಾಡಿದ್ದರೆ ಎರಡನೆಯ ಬಿಲ್ಲು ಹುಟ್ಟುತ್ತಿರಲಿಲ್ಲ.

ಹಳೆಯ ಬ್ಯಾಕಪ್‌ನಿಂದ ಲೆಕ್ಕವನ್ನು ಮರಳಿ ತುಂಬಿದಾಗ ಎರಡನೆಯ ಪರೀಕ್ಷೆಗೆ ವಿಶೇಷ ಮಹತ್ವ. ನಿನ್ನೆ ರಾತ್ರಿಯ ಬ್ಯಾಕಪ್‌ನಲ್ಲಿ ಕೊನೆಯ ಬಿಲ್ಲು 412 ಆಗಿದ್ದು, ಇಂದು ಬೆಳಿಗ್ಗೆ 413ರಿಂದ 420ರವರೆಗೆ ಬಿಲ್ಲುಗಳು ಹೊರಹೋಗಿದ್ದರೆ, ತಂತ್ರಾಂಶವು ಮುಂದಿನ ಗಿರಾಕಿಗೆ ಮತ್ತೆ 413ನ್ನೇ ಕೊಡುತ್ತದೆ. ಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ಲಿನ ಸಂಖ್ಯೆ ಒಂದು ಆರ್ಥಿಕ ವರ್ಷದಲ್ಲಿ ಪುನರಾವರ್ತನೆಯಾಗಕೂಡದು. ಆದ್ದರಿಂದ ಮುದ್ರಿತ ಪ್ರತಿಗಳನ್ನು ನೋಡಿ ಆ ಎಂಟು ಬಿಲ್ಲುಗಳನ್ನು ಅದೇ ಸಂಖ್ಯೆ, ಅದೇ ದಿನಾಂಕದಲ್ಲಿ ಮೊದಲು ಸೇರಿಸಿ, ನಂತರವೇ ಹೊಸ ವ್ಯವಹಾರಕ್ಕೆ ಕೈಹಾಕಬೇಕು.

ವಿದ್ಯುತ್ ಹೋದಾಗ

ನಿರ್ವಹಣೆಯ ಕಾಮಗಾರಿಗಾಗಿ ವಿದ್ಯುತ್ ನಿಲ್ಲಿಸುವಾಗ ಹೆಸ್ಕಾಂ ಪತ್ರಿಕೆಗಳಲ್ಲಿ ಪ್ರಕಟಣೆ ನೀಡುತ್ತದೆ. ಆ ದಿನಗಳಲ್ಲಿ ಮೊದಲೇ ಕ್ರಮವಾಗಿ ಸರ್ವರ್ ನಿಲ್ಲಿಸಬಹುದು. ಗಾಳಿ-ಮಳೆಗೆ ವಿದ್ಯುತ್ ಹೋಗುವುದು ಮಾತ್ರ ಹೇಳಿ ಬರುವುದಲ್ಲ. ಯುಪಿಎಸ್ 20 ನಿಮಿಷ ನಡೆಯುತ್ತದೆ ಎಂದರೆ 20 ನಿಮಿಷ ಬಿಲ್ಲು ಬರೆಯಬಹುದು ಎಂದರ್ಥವಲ್ಲ. ಕ್ರಮವಾಗಿ ಮುಚ್ಚಲು ಅಷ್ಟು ಕಾಲಾವಕಾಶವಿದೆ ಎಂದರ್ಥ. ಯುಪಿಎಸ್‌ನ ಯುಎಸ್‌ಬಿ ತಂತಿಯನ್ನು ಸರ್ವರಿಗೆ ಜೋಡಿಸಿ, ಬ್ಯಾಟರಿ ನಿಗದಿತ ಮಟ್ಟಕ್ಕೆ ಇಳಿದಾಗ ತಾನಾಗಿಯೇ ಶಟ್‌ಡೌನ್ ಆಗುವಂತೆ ಹೊಂದಿಸುವುದು ಉತ್ತಮ. ಅಂತರಜಾಲದ ರೌಟರ್ ಕೂಡ ಅದೇ ಯುಪಿಎಸ್ ಮೇಲಿರಲಿ. ಇಲ್ಲವಾದರೆ ಪೋರ್ಟಲ್‌ನ ಉತ್ತರ ಅರ್ಧದಾರಿಯಲ್ಲೇ ನಿಲ್ಲುತ್ತದೆ. ವಿದ್ಯುತ್ ಬಂದ ತಕ್ಷಣ ಯಂತ್ರ ಹಚ್ಚದೆ, ಪೂರೈಕೆ ಸ್ಥಿರವಾಗುವವರೆಗೆ ಕಾಯಬೇಕು.

ಸರ್ವರ್ ನಿಂತಿರುವಾಗಲೂ ವ್ಯಾಪಾರ ನಿಲ್ಲಬೇಕಿಲ್ಲ. ಕಾನೂನು ಒಂದಕ್ಕಿಂತ ಹೆಚ್ಚು ಬಿಲ್ಲು ಸರಣಿಗಳಿಗೆ ಅವಕಾಶ ನೀಡಿದೆ. ಬೇರೆ ಅಕ್ಷರದಿಂದ ಆರಂಭವಾಗುವ ಮುದ್ರಿತ ಬಿಲ್ ಪುಸ್ತಕವೊಂದನ್ನು ಇಟ್ಟುಕೊಂಡು, ಆ ಸರಣಿಯನ್ನೂ ಜಿಎಸ್‌ಟಿಆರ್-1ರ 13ನೆಯ ಕೋಷ್ಟಕದಲ್ಲಿ ತೋರಿಸಿದರಾಯಿತು. ಇ-ಇನ್‌ವಾಯ್ಸ್ ಅನ್ವಯಿಸುವವರು ಕೈಬಿಲ್ಲಿನ ವಿವರವನ್ನು ಪೋರ್ಟಲ್‌ನಲ್ಲಿ ನಮೂದಿಸಿ ಸಂಖ್ಯೆ ಪಡೆಯುವುದು ಕಡ್ಡಾಯ. ಇ-ವೇ ಬಿಲ್ಲನ್ನು ಮೊಬೈಲಿನಿಂದ ನೇರವಾಗಿ ಪೋರ್ಟಲ್‌ನಲ್ಲಿ ಪಡೆಯಬಹುದು. ‘ಸರ್ವರ್ ಬಂದಿತ್ತು’ ಎಂಬ ಕಾರಣ ಹೇಳಿ ದಾಖಲೆಯಿಲ್ಲದೆ ಲಾರಿ ಬಿಟ್ಟರೆ, ಕಲಂ 129ರಡಿ ತೆರಿಗೆಯ ಶೇ. 200ರಷ್ಟು ದಂಡಕ್ಕೆ ಗುರಿಯಾಗುವ ಸಂಭವವಿದೆ.

ಕಾನೂನಿನ ಹೊಣೆ

ಜಿಎಸ್‌ಟಿ ಕಾಯ್ದೆಯ ಕಲಂ 36ರ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು. ನಿಯಮ 57ರ ಪ್ರಕಾರ ಗಣಕೀಕೃತ ದಾಖಲೆಗಳಿಗೆ ಸೂಕ್ತ ಬ್ಯಾಕಪ್ ಇರಬೇಕು. ಅಪಘಾತದಿಂದ ದಾಖಲೆ ನಾಶವಾದರೆ ಸಮಂಜಸ ಅವಧಿಯೊಳಗೆ ಅದನ್ನು ಮರಳಿ ಪಡೆಯುವಂತಿರಬೇಕು. ನಿಯಮ 56ರಂತೆ ತಿದ್ದಿದ ಅಥವಾ ಅಳಿಸಿದ ಪ್ರತಿ ನಮೂದಿನ ದಾಖಲೆ ಉಳಿಯಬೇಕು. ಕಂಪನಿಗಳಿಗೆ 2022ರ ಆಗಸ್ಟ್‌ನಿಂದ ದಿನನಿತ್ಯದ ಬ್ಯಾಕಪ್, 2023ರ ಏಪ್ರಿಲ್ 1ರಿಂದ ತಿದ್ದುಪಡಿಗಳ ಜಾಡು ದಾಖಲಿಸುವ ತಂತ್ರಾಂಶ ಕಡ್ಡಾಯವಾಗಿವೆ. ಆದ್ದರಿಂದ ಪುನರಾರಂಭದ ನಂತರ ಲೆಕ್ಕ ತಾಳೆಯಾಗದಿದ್ದರೆ ತಂತ್ರಜ್ಞರಿಂದ ನೇರವಾಗಿ ಡಾಟಾಬೇಸ್ ತಿದ್ದಿಸುವುದು ಸರಿಯಲ್ಲ. ತಿದ್ದುಪಡಿಯು ತಂತ್ರಾಂಶದ ಮೂಲಕ, ಕಾರಣಸಹಿತವಾಗಿ ನಡೆಯಬೇಕು.

ಈ ಕ್ರಮಗಳಿಗೆ ಹೆಚ್ಚಿನ ಬಂಡವಾಳ ಬೇಕಿಲ್ಲ. ಒಂದು ನೋಟ್‌ಬುಕ್, ಒಂದು ಬಿಲ್ ಪುಸ್ತಕ, ಸುಸ್ಥಿತಿಯಲ್ಲಿರುವ ಯುಪಿಎಸ್ ಹಾಗೂ ಹೊಣೆ ಹೊತ್ತ ಇಬ್ಬರು ಸಿಬ್ಬಂದಿ ಇದ್ದರೆ ಸಾಕು. ಒಬ್ಬರೇ ಬಲ್ಲವರಾದರೆ ಅವರು ರಜೆಯಲ್ಲಿದ್ದ ದಿನವೇ ಸರ್ವರ್ ನಿಂತೀತು. ನಿಲ್ಲಿಸುವ ಮತ್ತು ಆರಂಭಿಸುವ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದು ಸರ್ವರಿನ ಬಳಿ ಅಂಟಿಸಿ, ವ್ಯಾಪಾರ ಕಡಿಮೆಯಿರುವ ಒಂದು ದಿನ ಇಬ್ಬರಿಂದಲೂ ಅದನ್ನು ಒಮ್ಮೆ ಮಾಡಿಸಿ ನೋಡುವುದು ಪ್ರತಿಯೊಬ್ಬ ಮಾಲೀಕರ ಕರ್ತವ್ಯವಾಗಿದೆ.