ಡ್ರಾಯರ್‌ನಲ್ಲಿರೋ ಹಳೆ ಫೋನ್, ರೋಬೋಟಿನ ತಲೆ

ನಿಮ್ಮ ಮನೆಯ ಯಾವುದಾದ್ರೂ ಡ್ರಾಯರ್‌ನಲ್ಲಿ ಒಂದು ಹಳೆ ಸ್ಮಾರ್ಟ್‌ಫೋನ್ ಇದ್ದೇ ಇರ್ತದೆ. ಸ್ಕ್ರೀನ್ ಒಂದು ಮೂಲೆಗೆ ಒಡೆದಿರ್ತದೆ, ಇಲ್ಲಾ ಸ್ಟೋರೇಜ್ ತುಂಬಿ ನಿಧಾನ ಆಗಿರ್ತದೆ. ಮಾರಿದ್ರೆ ದುಡ್ಡು ಬರೋದಿಲ್ಲ, ಒಗೀಲಿಕ್ಕೆ ಮನಸ್ಸಾಗೋದಿಲ್ಲ. ಕಲಬುರಗಿಯಲ್ಲಿ ನನ್ನ ದೊಡ್ಡಪ್ಪನ ಮಗ ಒಬ್ಬ ಸಾಫ್ಟ್‌ವೇರ್ ಡೆವಲಪರ್ ಇದ್ದಾನೆ. ಅಣ್ಣನ ಡ್ರಾಯರ್‌ನಲ್ಲಿ ಇಂಥಾವು ಏಳು ಇವೆ. ಹೊಸ ಮೊಬೈಲ್ ಬಂತಂದ್ರೆ ಅದರ ಸೆನ್ಸರ್ ಪಟ್ಟಿ ಅವನಿಗೆ ಬಾಯಿಪಾಠ. ಆದ್ರೆ ಅವನ ಹುಚ್ಚು ಖರೀದಿಗೆ ನಿಲ್ಲೋದಿಲ್ಲ, ಹಳೇ ಫೋನಿಗೆ ಗಾಲಿ ಹಚ್ಚೋ ತನಕ ಹೋಗ್ತದೆ.

ಇದನ್ನ ಯಾಕೆ ಬರೀತಿದ್ದೀನಿ ಅಂದ್ರೆ, ರೋಬೋಟಿಕ್ಸ್ ಅಂದ ಕೂಡಲೇ ನಾವು ರೊಕ್ಕದ ಲೆಕ್ಕ ಹಾಕಿ ಸುಮ್ಮನಾಗ್ತೀವಿ. ಫೈನಲ್ ಇಯರ್ ಬಂದಾಗ ರೆಡಿಮೇಡ್ ಕಿಟ್ ತಂದು, ರಿಪೋರ್ಟೂ ಜೊತೆಗೇ ತಂದು, ವೈವಾದಲ್ಲಿ "ಇದು ಸೆನ್ಸ್ ಮಾಡ್ತದೆ ಸರ್" ಅಂತ ಹೇಳಿ ಬರ್ತೀವಿ. ಆದ್ರೆ ಆ ಕಿಟ್‌ನಲ್ಲಿರೋ ಸೆನ್ಸರ್‌ಗಳಿಗಿಂತ ಒಳ್ಳೆ ಸೆನ್ಸರ್‌ಗಳು ಡ್ರಾಯರ್‌ನಲ್ಲಿ ಧೂಳು ತಿಂತಾ ಬಿದ್ದಿವೆ.

ಒಂದು ಸಣ್ಣ ಲೆಕ್ಕ ನೋಡ್ರಿ. ನಮ್ಮ ಲ್ಯಾಬಿನ ಆರ್ಡುಯಿನೋ ಊನೋದಲ್ಲಿ 16 ಮೆಗಾಹರ್ಟ್ಸ್ ಚಿಪ್, 32 ಕೆಬಿ ಫ್ಲ್ಯಾಶ್, 2 ಕೆಬಿ ರ‍್ಯಾಮ್. ಒಡೆದ ಫೋನಿನಲ್ಲಿ 2 ಜಿಬಿ ರ‍್ಯಾಮ್ ಇದ್ರೂ ಅದು ಹತ್ತು ಲಕ್ಷ ಪಟ್ಟು ಜಾಸ್ತಿ. ಮೇಲೆ ಕ್ಯಾಮೆರಾ, ಮೈಕ್, ಜಿಪಿಎಸ್, ಆಕ್ಸೆಲೆರೋಮೀಟರ್, ಬ್ಲೂಟೂತ್, ವೈಫೈ ಎಲ್ಲಾ ಬೆಸುಗೆ ಹಾಕೋ ಕೆಲಸ ಇಲ್ಲದೇ ಸಿಗ್ತವೆ. ಸರ್ರೆ ವಿಶ್ವವಿದ್ಯಾಲಯದವರು ಸ್ಟ್ರ್ಯಾಂಡ್-1 ಅನ್ನೋ ಸಣ್ಣ ಉಪಗ್ರಹದಲ್ಲಿ ಒಂದು ನೆಕ್ಸಸ್ ಒನ್ ಫೋನನ್ನೇ ಕೂರಿಸಿದ್ರು. ಅದು ಹಾರಿದ್ದು 2013ರ ಫೆಬ್ರವರಿ 25ಕ್ಕೆ, ನಮ್ಮ ಶ್ರೀಹರಿಕೋಟಾದಿಂದ, ಪಿಎಸ್‌ಎಲ್‌ವಿ-ಸಿ20 ಮೇಲೆ. ಕಕ್ಷೆಗೆ ಹೋಗೋ ಫೋನು ನಮ್ಮ ಹಾಸ್ಟೆಲ್ ಕಾರಿಡಾರ್‌ನಲ್ಲಿ ಓಡಾಡಲಾರದೇನು?

ಹಾಗಾದ್ರೆ ಆರ್ಡುಯಿನೋ ಯಾಕೆ ಬೇಕು? ಎರಡು ಕಾರಣ. ಫೋನಿಗೆ ಮೋಟರ್ ಹಚ್ಚೋ ಪಿನ್ ಇಲ್ಲ. ಇನ್ನೊಂದು, ಆಂಡ್ರಾಯ್ಡ್ ಒಂದೇ ಹೊತ್ತಿಗೆ ನೂರು ಕೆಲಸ ಮಾಡ್ತಿರ್ತದೆ, ನಿಮ್ಮ ಆ್ಯಪ್‌ನ ಸರದಿ ಕೆಲವೊಮ್ಮೆ ತಡವಾಗಿ ಬರ್ತದೆ. ಮೋಟರ್ ವೇಗ ಹಿಡಿಯೋ ಪಿಡಬ್ಲ್ಯೂಎಂ ಪಲ್ಸ್‌ಗಳು ಹಾಗೆ ಕಾಯೋದಿಲ್ಲ. ಆರ್ಡುಯಿನೋಗೆ ಬೇರೆ ಕೆಲಸವೇ ಇಲ್ಲ, ಅದಕ್ಕೆ ಟೈಮಿಂಗ್ ತಪ್ಪೋದಿಲ್ಲ. ಬಿಸಿ ಹೆಂಚು ಮುಟ್ಟಿದ್ರೆ ಕೈ ತಾನೇ ಹಿಂದೆ ಬರ್ತದಲ್ಲ, ವಿಚಾರ ಆಮೇಲೆ. ಹಂಗೇ ವಿಚಾರ ಫೋನಿಗೆ, ಕೈಕಾಲಿನ ಕೆಲಸ ಆರ್ಡುಯಿನೋಗೆ. 2020ರಲ್ಲಿ ಇಂಟೆಲ್ ಲ್ಯಾಬ್ಸ್‌ನ ಮಥಿಯಾಸ್ ಮ್ಯುಲರ್ ಮತ್ತು ವ್ಲಾದ್ಲೆನ್ ಕೋಲ್ಟನ್ ಹೊರಗೆ ತಂದ ಓಪನ್‌ಬಾಟ್ ಕೂಡ ಇದೇ ಐಡಿಯಾ. ಸುಮಾರು 50 ಡಾಲರಿನ ಗಾಡಿ, ಒಳಗೆ ಆರ್ಡುಯಿನೋ ನ್ಯಾನೋ, ತಲೆಯಾಗಿ ಫೋನು. ಕೋಡ್, ಡಿಸೈನ್ ಎಲ್ಲಾ ಓಪನ್ ಸೋರ್ಸ್.

ಅಣ್ಣನ ಗಾಡಿ ಇನ್ನೂ ಸಾದಾ. ಹಳದಿ ಗೇರ್ ಮೋಟರ್ ಎರಡು, ಎಲ್298ಎನ್ ಡ್ರೈವರ್, ಎಚ್‌ಸಿ-05 ಬ್ಲೂಟೂತ್, 18650 ಸೆಲ್ ಎರಡು. ಫೋನ್ ಬಿಟ್ರೆ ಸುಮಾರು 1500 ರೂಪಾಯಿ. ಇಲ್ಲಿ ಮೂರು ವಿಷಯ ನೋಟ್ ಮಾಡ್ಕೊಳ್ರಿ. ಊನೋದ ಪಿನ್‌ನಿಂದ 20 ಮಿಲಿಆಂಪಿಯರ್ ತಗೋಬಹುದು, ಮೋಟರ್ ಸಿಕ್ಕಿಹಾಕಿಕೊಂಡಾಗ ಅರ್ಧ ಆಂಪಿಯರ್ ದಾಟಬಹುದು. ಅದಕ್ಕೇ ನಡುವೆ ಡ್ರೈವರ್. ಎಲ್298ಎನ್ ಹಳೇ ಚಿಪ್, ಸುಮಾರು 2 ವೋಲ್ಟ್ ತಾನೇ ತಿಂತದೆ. ನೀವು 7.4 ಕೊಟ್ರೆ ಮೋಟರಿಗೆ ಮುಟ್ಟೋದು ಐದೂವರೆ ಆಸುಪಾಸು. ಎಚ್‌ಸಿ-05ರ ಆರ್‌ಎಕ್ಸ್ ಪಿನ್ 3.3 ವೋಲ್ಟಿನದು, ಆರ್ಡುಯಿನೋ ಕಳಿಸೋದು 5. ಒಂದು ಕಿಲೋಓಮ್, ಎರಡು ಕಿಲೋಓಮ್ ರೆಸಿಸ್ಟರ್ ಹಾಕಿ ಭಾಗ ಮಾಡಿದ್ರೆ ಸರಿಯಾಗ್ತದೆ. ಮೊದಲನೇ ವರ್ಷದ ಬೇಸಿಕ್ ಎಲೆಕ್ಟ್ರಿಕಲ್ಸ್‌ನಲ್ಲಿ ಬರೀ ಮಾರ್ಕ್ಸಿಗಾಗಿ ಓದಿದ್ದು ಇದೇ. ಇನ್ನು ಎಲ್ಲಾ ಗ್ರೌಂಡ್‌ಗಳನ್ನ ಒಂದಕ್ಕೊಂದು ಜೋಡಿಸೋದು ಮರೀಬ್ಯಾಡ್ರಿ.

ಸಾಫ್ಟ್‌ವೇರ್ ಕಡೆಯವರು ಕಲೀಬೇಕಾದ ದೊಡ್ಡ ಪಾಠ ಮುಂದಿದೆ. ಅಣ್ಣನ ಮೊದಲನೇ ಪ್ರೋಗ್ರಾಂ ಬಹಳ ಸರಳ: ಫೋನ್ 'ಮುಂದೆ' ಅಂದ್ರೆ ಮುಂದೆ, 'ನಿಲ್ಲು' ಅಂದ್ರೆ ನಿಲ್ಲೋದು. ಗಾಡಿ ಹಾಲ್‌ನಲ್ಲಿ ಹೊಂಟಾಗ ಅದೇ ಫೋನಿಗೆ ದೊಡ್ಡಮ್ಮನ ಕಾಲ್ ಬಂತು. ಆ್ಯಪ್ ಹಿಂದಕ್ಕೆ ಸರಿದು ಸುಮ್ಮನಾಯ್ತು, 'ನಿಲ್ಲು' ಹೋಗಲೇ ಇಲ್ಲ. ಆರ್ಡುಯಿನೋ ನಿಯತ್ತಾಗಿ ಕೊನೇ ಆರ್ಡರ್ ಪಾಲಿಸ್ತಾ ಮೆಟ್ಟಿಲು ಇಳೀತು. ಇಳೀತು ಅನ್ನೋದು ಮರ್ಯಾದಿ ಮಾತು. ವೆಬ್‌ಸೈಟ್ ಹ್ಯಾಂಗ್ ಆದ್ರೆ ರಿಫ್ರೆಶ್ ಮಾಡಬಹುದು, ಆದ್ರೆ ಗಾಲಿ ಇರೋ ಪ್ರೋಗ್ರಾಂ ಹ್ಯಾಂಗ್ ಆದ್ರೂ ಮುಂದೆ ಹೋಗ್ತಾನೇ ಇರ್ತದೆ. ಪರಿಹಾರ ನಾಲ್ಕು ಸಾಲಿನ ಕೋಡ್: ಫೋನ್ ಪ್ರತಿ 100 ಮಿಲಿಸೆಕೆಂಡಿಗೆ ಆರ್ಡರ್ ಮತ್ತೆ ಮತ್ತೆ ಕಳಿಸಬೇಕು, 500 ಮಿಲಿಸೆಕೆಂಡ್ ತನಕ ಏನೂ ಬರಲಿಲ್ಲ ಅಂದ್ರೆ ಆರ್ಡುಯಿನೋ ತಾನೇ ಮೋಟರ್ ಬಂದ್ ಮಾಡಬೇಕು. ಸುದ್ದಿ ಬರದಿದ್ದಾಗ ಏನು ಮಾಡಬೇಕು ಅನ್ನೋದನ್ನೇ ಮೊದಲು ಬರೀರಿ, ಮುಂದೆ ಹೋಗೋದನ್ನ ಆಮೇಲೆ ಬರೀರಿ.

ಈಗ ಸೆನ್ಸರ್. ಫೋನನ್ನ ಟೇಬಲ್ ಮೇಲೆ ಅಲುಗಾಡದಂಗೆ ಇಟ್ಟು ಯಾವುದಾದ್ರೂ ಸೆನ್ಸರ್ ಆ್ಯಪ್ ತೆಗೀರಿ. ಆಕ್ಸೆಲೆರೋಮೀಟರ್ ಸೊನ್ನೆ ತೋರಿಸೋದಿಲ್ಲ, 9.8 ತೋರಿಸ್ತದೆ. ಯಾಕಂದ್ರೆ ಅದು ಅಳೆಯೋದು ಟೇಬಲ್ ಫೋನನ್ನ ಮೇಲಕ್ಕೆ ಒತ್ತೋ ಒತ್ತಡವನ್ನ. ಫೋನ್ ಕೈಜಾರಿ ಬೀಳೋವಾಗ ಸೊನ್ನೆ ಹತ್ತಿರ ಬರ್ತದೆ. ಅಂದ್ರೆ ತಾನು ಬೀಳ್ತಿದ್ದೀನಿ ಅಂತ ಫೋನಿಗೆ ನೆಲ ಮುಟ್ಟೋ ಮೊದಲೇ ಗೊತ್ತಾಗ್ತದೆ! ಈ ಸೆನ್ಸರ್ ಕೈಯಾಗ ಹಿಡಿಯೋ ಸಾಧನಕ್ಕೆ ಬಂದಿದ್ದು ಐಫೋನಿನಿಂದ ಅಂತ ಬಹಳ ಜನ ಅನ್ಕೊಂಡಿದ್ದಾರೆ. ಬೆಂಗಳೂರಿನ ಐಐಎಸ್‌ಸಿ ಪ್ರೊಫೆಸರ್‌ಗಳು ಸೇರಿ ರೂಪಿಸಿದ ಸಿಂಪ್ಯೂಟರ್ ನೆನಪಿದೆಯಾ? ನಮ್ಮ ವಯಸ್ಸಿಗೆ ಇರೋದಿಲ್ಲ ಬಿಡ್ರಿ. ಭಾರತ್ ಎಲೆಕ್ಟ್ರಾನಿಕ್ಸ್ 2004ರಲ್ಲಿ ತಯಾರಿಸಿ ಬಿಟ್ಟ ಅಮಿಡಾ ಸಿಂಪ್ಯೂಟರ್‌ನಲ್ಲಿ ಆಕ್ಸೆಲೆರೋಮೀಟರ್ ಇತ್ತು, ಮೊದಲ ಐಫೋನಿಗಿಂತ ಮೂರು ವರ್ಷ ಮುಂಚೆ.

ಆದ್ರೆ ಗಾಡಿ ಹೊಂಟಾಗ ಮೋಟರಿನ ನಡುಕಕ್ಕೆ ಆಕ್ಸೆಲೆರೋಮೀಟರ್ ಓದು ಕುಣೀತದೆ. ಜೈರೋಸ್ಕೋಪ್ ಕುಣಿಯೋದಿಲ್ಲ, ಆದ್ರೆ ಮೆಲ್ಲಗೆ ಜಾರ್ತದೆ: ಸೆಕೆಂಡಿಗೆ ಅರ್ಧ ಡಿಗ್ರಿ ತಪ್ಪಿದ್ರೂ ಒಂದು ನಿಮಿಷಕ್ಕೆ 30 ಡಿಗ್ರಿ. ಎರಡನ್ನೂ ಕೂಡಿಸೋ ಸೂತ್ರ ಇದು:

ಹೊಸ ಕೋನ = 0.98 × (ಹಳೆ ಕೋನ + ಜೈರೋ ವೇಗ × ಸಮಯ) + 0.02 × ಆಕ್ಸೆಲೆರೋಮೀಟರ್ ಕೋನ

ಈ ಕ್ಷಣದ ಮಾತಿಗೆ ಜೈರೋವನ್ನ ನಂಬು, ಬಹಳ ಹೊತ್ತಿನ ಮಾತಿಗೆ ಆಕ್ಸೆಲೆರೋಮೀಟರ್ ನಂಬು ಅಂತ ಅದರ ಅರ್ಥ. ಕಾಂಪ್ಲಿಮೆಂಟರಿ ಫಿಲ್ಟರ್ ಅಂತಾರೆ. ಎರಡನೇ ವರ್ಷದವರು ಸಿಗ್ನಲ್ಸ್ ಕ್ಲಾಸಿನಲ್ಲಿ ನಿದ್ದೆ ಬಂದಾಗ ಇದನ್ನ ನೆನಪಿಸ್ಕೊಳ್ರಿ, ಲೋ ಪಾಸ್, ಹೈ ಪಾಸ್ ಎರಡೂ ಈ ಒಂದೇ ಸಾಲಿನಲ್ಲಿವೆ.

ಮನೆ ಟೈಲ್ಸ್ ಮೇಲೆ ಇಷ್ಟೆಲ್ಲಾ ಚೆಂದ ನಡೀತು. ನಮ್ಮ ಕಾಕಾ ಇರೋದು ಕಮಲಾಪುರದಲ್ಲಿ, ಹುಮನಾಬಾದ್ ರಸ್ತೆಗೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು, ಅದಕ್ಕೆ ಜಿಐ ಟ್ಯಾಗ್ ಕೂಡ ಇದೆ. ಅವರು ಗಾಡಿ ನೋಡಿ ಕೇಳಿದ್ದು ಒಂದೇ ಮಾತು: "ತಮ್ಮಾ, ಇದು ಬಾಳಿ ತ್ವಾಟದಾಗ ನಡೀತದೇನು?"

ನಡೀಲಿಲ್ಲ. ಆ ಕಪ್ಪು ಎರೆ ಮಣ್ಣು ಹಸಿ ಇದ್ದಾಗ ಗಾಲಿಗೆ ಮೆತ್ತಿ ಗಾಲಿಯನ್ನೇ ಉಂಡೆ ಮಾಡ್ತದೆ, ಒಣಗಿದಾಗ ಬಿರುಕು ಬಿಡ್ತದೆ. ಆರೂವರೆ ಸೆಂಟಿಮೀಟರ್ ಗಾಲಿ ಎರಡಕ್ಕೂ ಸಾಲೋದಿಲ್ಲ. ಬಯಲಿನಲ್ಲೇ ಫೋನಿನ ಜಿಪಿಎಸ್ ಐದು ಮೀಟರ್ ಆಚೀಚೆ ತೋರಿಸ್ತದೆ. ಬಾಳೆ ಸಾಲುಗಳ ನಡುವೆ ಎರಡು ಮೂರು ಮೀಟರ್ ಅಂದ್ರೆ ತಾನು ಯಾವ ಸಾಲಿನಲ್ಲಿದ್ದೀನಿ ಅನ್ನೋದೇ ಅದಕ್ಕೆ ತಿಳಿಯೋದಿಲ್ಲ. ದಿಕ್ಸೂಚಿ ಕೇಳೋಣ ಅಂದ್ರೆ ಮೋಟರಿನ ಅಯಸ್ಕಾಂತ ಅದನ್ನ ಎಳೀತದೆ, ಫೋನನ್ನ ಒಂದು ಗೇಣು ಮೇಲೆ ಕಟ್ಟಬೇಕಾಯ್ತು.

ಅಣ್ಣ ಅಲ್ಲೇ ಕೂತು ಕಾಕಾನ್ನ ತಿರುಗಿ ಕೇಳಿದ: "ಕಾಕಾ, ನಿಮಗ ಖರೇವಂದ್ರ ಏನ್ ಬೇಕಾಗ್ಯದ್ರಿ?" ಕಾಕಾ ಹೇಳಿದ್ದು ಗಾಲಿಯ ವಿಷಯವೇ ಅಲ್ಲ. "ರಾತ್ರಿ ಕರೆಂಟ್ ಯಾವಾಗ ಬರ್ತದ ಅಂತ ಮೂರು ಸಲ ಎದ್ದು ಬರ್ತೀನಿ, ಅದೊಂದು ತಪ್ಪಿಸು."

ಇದಕ್ಕೆ ಬೇರೆ ಸೆನ್ಸರ್ ಬೇಕಾಗಲೇ ಇಲ್ಲ. ಚಾರ್ಜರ್ ಚುಚ್ಚಿದ ಫೋನಿಗೆ ಕರೆಂಟ್ ಬಂದ ಕೂಡಲೇ ಗೊತ್ತಾಗ್ತದೆ, ಆಂಡ್ರಾಯ್ಡ್ ಆ ಸುದ್ದಿಯನ್ನ ಕೇಳಿಕೊಂಡ ಆ್ಯಪ್‌ಗಳಿಗೆ ಕೊಡ್ತದೆ. ಪಂಪಿನ ಶೆಡ್ಡಿನಲ್ಲಿ ಒಂದು ಹಳೆ ಫೋನು, ಅದರಲ್ಲಿ ಸಣ್ಣ ಆ್ಯಪು: ಚಾರ್ಜಿಂಗ್ ಶುರುವಾದ್ರೆ ಕಾಕಾಗೆ ಎಸ್‌ಎಂಎಸ್, ನಿಂತ್ರೆ ಇನ್ನೊಂದು. ಏಳು ಫೋನಿನಲ್ಲಿ ಈ ಕೆಲಸಕ್ಕೆ ಆರಿಸಿದ್ದು ಎಲ್ಲಕ್ಕಿಂತ ಹಳೇದನ್ನ. ಮೆಟ್ಟಿಲು ಇಳಿದ ಗಾಡಿಗಿಂತ ನನಗೆ ಇದೇ ಜಾಣ ರೋಬೋಟ್ ಅನಿಸ್ತದೆ, ಗಾಲಿ ಇಲ್ಲದಿದ್ರೂ.

ನೀವೂ ಮಾಡೋದಾದ್ರೆ ಬ್ಯಾಟರಿ ಉಬ್ಬಿದ ಫೋನನ್ನ ಮುಟ್ಟಲೇಬೇಡ್ರಿ, ಸ್ಕ್ರೀನ್ ಮೇಲೆದ್ದಿದ್ರೆ ಅದೇ ಗುರುತು. ಲಿಥಿಯಂ ಬ್ಯಾಟರಿಯನ್ನ 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು, ನಮ್ಮ ಕಡೆ ಮೇ ತಿಂಗಳಲ್ಲಿ ನೆರಳೇ 40 ದಾಟ್ತದೆ, ತಗಡಿನ ಶೆಡ್ಡು ಕೇಳೋದೇ ಬ್ಯಾಡ. ಬ್ಯಾಟರಿ ಉಷ್ಣತೆಯನ್ನೂ ಆಂಡ್ರಾಯ್ಡ್ ಹೇಳ್ತದೆ, ಅದಕ್ಕೂ ಒಂದು ಎಸ್‌ಎಂಎಸ್ ಇಟ್ಟಿದ್ದಾನೆ. ಬ್ಯಾಸಿಗಿಯಲ್ಲಿ ಫೋನ್ ತೆಗೆದು ಮನೆಗೆ ತರಬೇಕು ಅಂತ ಕಾಕಾಗೆ ಹೇಳಿದ್ದೂ ಆಗಿದೆ.

ಒಂದು ಕೊರತೆ ಉಳಿದಿದೆ. ಒಂದು ಚಾರ್ಜರ್ ನೋಡೋದು ಒಂದೇ ಫೇಸ್. ಪಂಪಿಗೆ ಮೂರೂ ಬೇಕು, ಒಂದು ಇಲ್ಲದೇ ಓಡಿದ್ರೆ ಮೋಟರ್ ಸುಡ್ತದೆ. ಹಾಗಾಗಿ ಈಗ ಬರೀ ಸುದ್ದಿ ಮಾತ್ರ ಕೊಡ್ತದೆ, ಸ್ಟಾರ್ಟರ್ ಒತ್ತೋದು ಕಾಕಾನೇ. ಮೂರು ಫೇಸಿಗೆ ಮೂರು ಚಾರ್ಜರ್, ಅವುಗಳ 5 ವೋಲ್ಟ್ ಆರ್ಡುಯಿನೋದ ಮೂರು ಪಿನ್ನಿಗೆ ಅಂತ ಒಂದು ಡಿಸೈನ್ ಕಾಗದದ ಮೇಲಿದೆ. ಶೆಡ್ಡಿನ ವೈರಿಂಗ್ ಊರಿನ ಎಲೆಕ್ಟ್ರಿಷಿಯನ್ ಮಾಡ್ತಾರೆ, ಕೋಡ್ ಅಣ್ಣ ಮತ್ತು ನಾನು.